ಲ್ಯಾಪ್‌ಟಾಪ್ ಮೇಲೆ ಇಂಟೆಲ್, ಫೈಲಿನಲ್ಲಿ ಎಎಂಡಿ64: ಇಳಿಸಿಕೊಳ್ಳುವುದು ಯಾವುದನ್ನು?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕುವ ಮಾತು ಕಲಬುರಗಿಯ ಕಾಲೇಜು ಹುಡುಗರಲ್ಲೂ ಕೇಳಿಬರುತ್ತಿದೆ. ಲಿನಕ್ಸಿನ ಒಂದು ಬಗೆಯಾದ ಡೆಬಿಯನ್ನಿನ ಡೌನ್‌ಲೋಡ್ ಪಟ್ಟಿ ತೆರೆದು ‘ಎಎಂಡಿ64’ ಎಂಬ ಫೈಲು ಕಂಡರೆ ಬರುವ ಮೊದಲ ಪ್ರಶ್ನೆ: ‘ನಂದು ಇಂಟೆಲ್ ಅದ, ಎಎಂಡಿದು ಯಾಕ ಹಾಕ್ಲಿ?’

ಹಾಕಬೇಕಾದದ್ದು ಅದನ್ನೇ. 32 ಬಿಟ್‌ನ (ಬಿಟ್ ಎಂದರೆ ಪ್ರೊಸೆಸರ್ ಒಂದು ಸಲಕ್ಕೆ ಹಿಡಿಯುವ ಮಾಹಿತಿಯ ಅಳತೆ) ಇಂಟೆಲ್ ಪ್ರೊಸೆಸರುಗಳ ಆದೇಶಗಳನ್ನು 64 ಬಿಟ್‌ಗೆ ಹಿಗ್ಗಿಸಿದ್ದು ಎಎಂಡಿ ಕಂಪನಿ. 2003ರಲ್ಲಿ ಆಪ್ಟೆರಾನ್ ಚಿಪ್ಪಿನೊಂದಿಗೆ ಅದು ಮಾರುಕಟ್ಟೆಗೆ ಬಂತು, ಮರುವರ್ಷ ಇಂಟೆಲ್ ಕೂಡ ಅದೇ ದಾರಿ ಹಿಡಿಯಿತು. ಡೆಬಿಯನ್, ಉಬುಂಟು ಇಟ್ಟುಕೊಂಡಿರುವುದು ಮೊದಲು ಮಾಡಿದವರ ಹೆಸರನ್ನು. ಇನ್ನೊಂದು ಲಿನಕ್ಸ್ ಆದ ಫೆಡೋರಾದವರು ಅದನ್ನೇ ಎಕ್ಸ್86-64 ಎನ್ನುತ್ತಾರೆ, ಮೈಕ್ರೋಸಾಫ್ಟ್ ಎಕ್ಸ್64 ಎನ್ನುತ್ತದೆ. ಮೂರೂ ಒಂದೇ.

ನಿಜವಾಗಿ ದಾರಿ ತಪ್ಪಿಸುವ ಹೆಸರು ಐಎ-64. ಇಂಟೆಲ್‌ನವರದೇ, 64 ಬಿಟ್‌ನದೇ; ಆದರೆ ಅದು ಇಟೇನಿಯಂ ಎಂಬ ಬೇರೆಯೇ ಸರ್ವರ್ ಚಿಪ್ಪಿನದು. ಹಳೆಯ ಕೈಪಿಡಿಗಳಲ್ಲಿ ಕಂಡರೆ ಮುಂದೆ ಹೋಗಿ.

ಈಗ ನಿಮ್ಮ ಯಂತ್ರ ನೋಡಿ. ವಿಂಡೋಸ್ 10ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಒತ್ತಿ ‘ಸಿಸ್ಟಮ್ ಟೈಪ್’ ಸಾಲು ಓದಿ. ಅದರಲ್ಲಿ ಎರಡು ತುಂಡು ಇರುತ್ತವೆ: ಮೊದಲನೆಯದು ಈಗಿರುವ ಆಪರೇಟಿಂಗ್ ಸಿಸ್ಟಮ್, ಎರಡನೆಯದು ಪ್ರೊಸೆಸರ್. ಮೊದಲ ತುಂಡಿನಲ್ಲಿ 32 ಬಿಟ್ ಕಂಡು ನಿರಾಶರಾಗಬೇಡಿ. 64 ಬಿಟ್ ಪ್ರೊಸೆಸರಿನಲ್ಲಿ ಯಾರೋ 32 ಬಿಟ್ ವಿಂಡೋಸ್ ಹಾಕಿಟ್ಟಿರಬಹುದು. ಎರಡನೆಯ ತುಂಡಿನಲ್ಲಿ ಎಕ್ಸ್64 ಎಂದಿದ್ದರೆ ಎಎಂಡಿ64 ಫೈಲನ್ನೇ ಇಳಿಸಿಕೊಳ್ಳಿ.

ಲಿನಕ್ಸ್ ಆಗಲೇ ಇದ್ದರೆ ಬಹಳ ಮಂದಿ ಟರ್ಮಿನಲ್ಲಿನಲ್ಲಿ ‘ಯುನೇಮ್ -ಎಂ’ (uname -m) ಹೊಡೆಯಲು ಹೇಳುತ್ತಾರೆ. ನನಗೆ ಅದು ಅರ್ಧ ಉತ್ತರ. ಅದು ಹೇಳುವುದು ಓಡುತ್ತಿರುವ ಕರ್ನಲ್ಲಿನ, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿನ ಕಥೆ. 32 ಬಿಟ್ ಕರ್ನಲ್ ಇದ್ದರೆ ಒಳ್ಳೆಯ ಚಿಪ್ಪಿನ ಮೇಲೂ ಐ686 ಎಂದುಬಿಡುತ್ತದೆ. ‘ಎಲ್‌ಎಸ್‌ಸಿಪಿಯು’ (lscpu) ಆದೇಶ ಕೊಟ್ಟು ‘ಆಪ್-ಮೋಡ್’ (op-mode) ಸಾಲು ನೋಡಿ. ಅಲ್ಲಿ 32 ಬಿಟ್, 64 ಬಿಟ್ ಎರಡೂ ಇದ್ದರೆ ಮತ್ತೆ ಎಎಂಡಿ64.

ಬರೀ 32 ಬಿಟ್ ಇದ್ದರೆ ಬೇಕಾದದ್ದು ಐ386. ಇದು 1985ರ 80386 ಚಿಪ್ಪಿನ ಹೆಸರು, ಆದರೆ ಆ ಚಿಪ್ಪಿನಲ್ಲಿ ಇಂದಿನ ಡೆಬಿಯನ್ ಓಡುವುದಿಲ್ಲ! ಹೆಸರು ಮಾತ್ರ ಉಳಿದಿದೆ. 2025ರಲ್ಲಿ ಬಂದ ಡೆಬಿಯನ್ 13ರಲ್ಲಿ ಐ386 ಇನ್‌ಸ್ಟಾಲರನ್ನೂ ಕೈಬಿಟ್ಟಿದ್ದಾರೆ, 12ರಲ್ಲಿ ಇದೆ.

ಆರ್ಮ್ ಎಂಬ ಬೇರೆ ಬಗೆಯ ಪ್ರೊಸೆಸರುಗಳ ಸಾಲಿನಲ್ಲೂ ಇದೇ ಗೋಜಲು. ಡೆಬಿಯನ್ನಿನ ಆರ್ಮ್64, ಫೆಡೋರಾದ ಎಆರ್ಚ್64 ಎರಡೂ ಒಂದೇ. ಆರ್ಮ್‌ಎಚ್‌ಎಫ್ ಮಾತ್ರ 32 ಬಿಟ್‌ನದು. ಎಂ1 ಅಥವಾ ನಂತರದ ಆಪಲ್ ಚಿಪ್ಪಿನ ಮ್ಯಾಕ್‌ನಲ್ಲಿ ವರ್ಚುವಲ್ ಮಷಿನ್ (ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದ ಮಾಡಿದ ಇನ್ನೊಂದು ಕಂಪ್ಯೂಟರ್) ಮಾಡುವವರು ಆರ್ಮ್64 ಆರಿಸಿಕೊಳ್ಳಿ. ಪಟ್ಟಿಯಲ್ಲಿರುವ ಎಸ್390ಎಕ್ಸ್ ಐಬಿಎಂ ಮೇನ್‌ಫ್ರೇಮಿನದು, ನಮ್ಮ ನಿಮ್ಮ ಮೇಜಿನ ಮೇಲೆ ಬರುವಂಥದ್ದಲ್ಲ.

ತಪ್ಪು ಫೈಲ್ ಹಾಕಿದರೆ ಯಂತ್ರವೇನೂ ಕೆಡುವುದಿಲ್ಲ. 32 ಬಿಟ್ ಯಂತ್ರಕ್ಕೆ ಎಎಂಡಿ64 ಕೊಟ್ಟರೆ, ಈ ಕರ್ನಲ್‌ಗೆ ಎಕ್ಸ್86-64 ಪ್ರೊಸೆಸರ್ ಬೇಕು ಎಂಬರ್ಥದ ಸಾಲು ತೋರಿಸಿ ಅಲ್ಲೇ ನಿಲ್ಲುತ್ತದೆ. ಆರ್ಮ್64 ಕೊಟ್ಟರೆ ಪೆನ್‌ಡ್ರೈವಿನಿಂದ ಬೂಟೇ ಆಗುವುದಿಲ್ಲ. ಆಗ ಪೆನ್‌ಡ್ರೈವ್ ಕೆಟ್ಟಿದೆ ಅಂತ ಹೊಸದು ತರುವ ಮುಂಚೆ ಫೈಲಿನ ಹೆಸರು ಇನ್ನೊಮ್ಮೆ ಓದಿ.