ಶೆಲ್ಫ್ ಅಲುಗಾಡುತ್ತಿದೆಯಾ? ಕಾಲಿಗೆ ರಟ್ಟು ಇಡುವ ಮೊದಲು ಬೆನ್ನು ನೋಡಿ

ಮನೆ ಬದಲಿಸಿದ ದಿನ ಇದು ಎಲ್ಲ ಕಡೆ ನಡೆಯುತ್ತದೆ. ಲಾರಿಯಿಂದ ಸಾಮಾನು ಇಳಿಯುತ್ತದೆ, ಹುಡುಗರು ಪುಸ್ತಕದ ಶೆಲ್ಫನ್ನು ಗೋಡೆಗೆ ಆನಿಸಿ ನಿಲ್ಲಿಸಿ ಹೋಗುತ್ತಾರೆ, ಮುಟ್ಟಿ ನೋಡಿದರೆ ಅಲುಗಾಡುತ್ತಿರುತ್ತದೆ. ಮನೆಯಲ್ಲಿ ಯಾರೋ ಒಬ್ಬರು ಹಳೇ ಮದುವೆ ಕಾರ್ಡ್ ಮಡಚಿ ಕಾಲಿನ ಕೆಳಗೆ ತುರುಕುತ್ತಾರೆ. ನಿಂತಿತಲ್ಲ, ಸಾಕು ಅಂತ ಪುಸ್ತಕ ತುಂಬಿಸುತ್ತಾರೆ. ಕೆಲವೇ ತಿಂಗಳಲ್ಲಿ ಬೆನ್ನಿನ ಶೀಟು ಕಿತ್ತು ಬಂದು, ಇಡೀ ಶೆಲ್ಫ್ ಒಂದು ಕಡೆಗೆ ವಾಲಿ, "ಈ ರೆಡಿಮೇಡ್ ಸಾಮಾನೇ ಇಷ್ಟು" ಅಂತ ಬೈಗುಳ ತಿನ್ನುತ್ತದೆ.

ತಪ್ಪು ಸಾಮಾನಿನದಲ್ಲ. ಡಬ್ಬದಲ್ಲಿ ಬಿಡಿಬಿಡಿಯಾಗಿ ಬಂದು ಮನೆಯಲ್ಲೇ ಜೋಡಿಸಿಕೊಳ್ಳುವ ಶೆಲ್ಫುಗಳು ಒಂದು ಕಡೆ ನಿಲ್ಲುವುದಕ್ಕೆ ಮಾಡಿದವು. ಹೆಚ್ಚಿನವುಗಳ ಹಲಗೆ ಪಾರ್ಟಿಕಲ್ ಬೋರ್ಡ್, ಅಂದರೆ ಮರದ ಚೂರಿಗೆ ಅಂಟು ಸೇರಿಸಿ ಒತ್ತಿದ್ದು. ಅಜ್ಜಿ ಮನೆಯ ತೇಗದ ಬೀರುವನ್ನು ದರದರ ಎಳೆದರೂ ಏನೂ ಆಗುತ್ತಿರಲಿಲ್ಲ. ಇದನ್ನು ಎಳೆದರೆ ಪ್ರತಿ ಕೀಲೂ ಸ್ವಲ್ಪ ಸ್ವಲ್ಪ ಸಡಿಲವಾಗುತ್ತದೆ. ಸರಿ ಮಾಡುವುದು ಕಷ್ಟವಲ್ಲ, ಆದರೆ ಕ್ರಮ ತಪ್ಪಬಾರದು. ಮೊದಲು ಕೀಲು, ಆಮೇಲೆ ಬೆನ್ನು, ಆಮೇಲೆ ನೆಲದ ಮಟ್ಟ, ಕೊನೆಗೆ ಗೋಡೆ. ಜನ ನೇರವಾಗಿ ಮೂರನೆಯದಕ್ಕೆ ಹಾರುತ್ತಾರೆ, ಎಡವಟ್ಟಾಗುವುದು ಅಲ್ಲೇ.

ಯಾವ ಅಲುಗಾಟ?

ಶೆಲ್ಫನ್ನು ಪೂರ್ತಿ ಖಾಲಿ ಮಾಡಿ. ಸುಮ್ನೆ ಅರ್ಧ ಖಾಲಿ ಮಾಡಿ ಕೆಲಸ ಶುರು ಮಾಡಬೇಡಿ. ಗೋಡೆಯಿಂದ ಒಂದು ಅಡಿ ಮುಂದೆ ನಿಲ್ಲಿಸಿ, ಮೇಲಿನ ಮೂಲೆಗೆ ಕೈಯಿಟ್ಟು ಮೆಲ್ಲಗೆ ಪಕ್ಕಕ್ಕೆ ತಳ್ಳಿ. ಕಣ್ಣು ಮಾತ್ರ ಕಾಲಿನ ಮೇಲಿರಲಿ.

ಒಂದು ಕಾಲು ನೆಲ ಬಿಟ್ಟು ಎದ್ದು ಟಕ್ ಅಂತ ಮತ್ತೆ ಕೂತರೆ ಅದು ನೆಲದ ಸಮಸ್ಯೆ. ಆ ಕಾಲಿನ ಕೆಳಗೆ ಒತ್ತು, ಅಂದರೆ ಎತ್ತರಿಸುವ ತೆಳು ಚೂರು, ಕೊಟ್ಟರೆ ಸಾಕು. ಆದರೆ ಕಾಲುಗಳು ಕೂತಲ್ಲೇ ಕೂತಿದ್ದು ಮೇಲ್ಭಾಗ ಮಾತ್ರ ಪಕ್ಕಕ್ಕೆ ಹೋಗಿ ಬಂದರೆ ನೆಲಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಶೆಲ್ಫಿನ ಚೌಕಟ್ಟೇ ಸೊಟ್ಟ ಆಗಿದೆ. ಇಲ್ಲಿ ಕಾಲಿಗೆ ರಟ್ಟು ಕೊಟ್ಟರೆ ಸೊಟ್ಟಗಿರುವುದನ್ನು ಸೊಟ್ಟಗೇ ನಿಲ್ಲಿಸಿದ ಹಾಗೆ. ಮನೆ ಬದಲಿಸಿದ ಮೇಲೆ ನಾನು ನೋಡಿದ ಶೆಲ್ಫುಗಳಲ್ಲಿ ಜಾಸ್ತಿ ಈ ಎರಡನೇ ಬಗೆಯವೇ.

ಕೀಲು ಬಿಗಿ ಮಾಡಿ

ಹಲಗೆಯ ಒಳಮೈಯಲ್ಲಿ ಸ್ಟಾರ್ ಗುರುತಿರುವ ದುಂಡು ಬಿಲ್ಲೆಗಳು ಕಾಣುತ್ತವಲ್ಲ, ಬಡಗಿಗಳು ಮಿನಿಫಿಕ್ಸ್ ಅನ್ನುತ್ತಾರೆ, ಅವನ್ನು ದಪ್ಪ ಸ್ಟಾರ್ ಸ್ಕ್ರೂ ಡ್ರೈವರಿನಿಂದ ಬಲಕ್ಕೆ ತಿರುಗಿಸಿ. ಅರ್ಧ ಸುತ್ತಿನ ಒಳಗೇ ಬಿಗಿಯಾಗಬೇಕು. ಕೈಯಿಂದಲೇ ಮಾಡಿ, ಡ್ರಿಲ್ ಮೆಷಿನ್ ಹಚ್ಚಿದರೆ ಬಿಲ್ಲೆಯ ತುಟಿ ಮುರಿಯುತ್ತದೆ.

ಎಷ್ಟು ತಿರುಗಿಸಿದರೂ ಸುಮ್ಮನೆ ಸುತ್ತುತ್ತಿದ್ದರೆ ಎದುರಿನ ಹಲಗೆಯಲ್ಲಿರುವ ಬೋಲ್ಟ್ ಕಿತ್ತು ಬಂದಿದೆ ಅಂತ ಅರ್ಥ. ಆ ಹಲಗೆ ಬಿಚ್ಚಿ, ಬೋಲ್ಟ್ ತೆಗೆದು, ತೂತಿನೊಳಗೆ ಫೆವಿಕಾಲ್ ಬಿಡಿ. ಉರಿದು ಮುಗಿದ ಊದುಬತ್ತಿಯ ಬಿದಿರು ಕಡ್ಡಿಗಳನ್ನು ತೂತು ತುಂಬುವಷ್ಟು ತುರುಕಿ, ಒಂದು ರಾತ್ರಿ ಒಣಗಲು ಬಿಟ್ಟು, ಬೆಳಿಗ್ಗೆ ಹಲಗೆಯ ಮಟ್ಟಕ್ಕೆ ಕತ್ತರಿಸಿ ಬೋಲ್ಟ್ ಮತ್ತೆ ಹಾಕಿ. ಹೊಸ ತೂತಿನಷ್ಟೇ ಗಟ್ಟಿಯಾಗಿ ಹಿಡಿಯುತ್ತದೆ. ಬೆಂಕಿಕಡ್ಡಿ ಮೆದು, ಅದು ಬೇಡ. ತಕ್ಷಣ ಅಂಟುವ ಗೋಂದನ್ನು ಹಚ್ಚಿ ಬೋಲ್ಟನ್ನು ಹಾಗೇ ಅಂಟಿಸುವುದಂತೂ ಬೇಡವೇ ಬೇಡ, ಮುಂದಿನ ಸಲ ಮನೆ ಬದಲಿಸುವಾಗ ಬಿಚ್ಚಲು ಹೋದರೆ ಹಲಗೆಯ ಚೂರನ್ನೂ ಕಿತ್ತುಕೊಂಡು ಬರುತ್ತದೆ.

ಬೆನ್ನು: ನಿಜವಾದ ಕೆಲಸ ಇಲ್ಲಿದೆ

ಹಿಂದೆ ಹೊಡೆದಿರುವ ತೆಳು ಶೀಟು ಗೋಡೆ ಕಾಣದಿರಲಿ ಅಂತ ಹಾಕಿದ್ದು ಎಂದು ತುಂಬ ಜನ ತಿಳಿದಿದ್ದಾರೆ. ಕೆಲವರು ವೈರ್ ತೂರಿಸಲು ಅರ್ಧ ಕತ್ತರಿಸಿಯೇ ಬಿಡುತ್ತಾರೆ. ಸುಮಾರು 3 ಮಿಲಿಮೀಟರ್ ದಪ್ಪದ ಆ ಶೀಟೇ ಶೆಲ್ಫನ್ನು ಪಕ್ಕಕ್ಕೆ ವಾಲದಂತೆ ಹಿಡಿದಿರುವುದು. ಎರಡು ನಿಲುವು ಹಲಗೆ, ಮೇಲೊಂದು, ಕೆಳಗೊಂದು, ಈ ನಾಲ್ಕರ ಮೂಲೆಗಳು ತಾವಾಗಿಯೇ ನೇರ ನಿಲ್ಲುವುದಿಲ್ಲ. ಬೆನ್ನು ನಾಲ್ಕೂ ಅಂಚಿಗೆ ಗಟ್ಟಿಯಾಗಿ ಕೂತಿದ್ದರೆ ಮಾತ್ರ ಚೌಕಟ್ಟು ಅಲುಗುವುದಿಲ್ಲ. ಸಾಗಿಸುವಾಗ ಮೊದಲು ಹೋಗುವುದು ಇದರ ಮೊಳೆಗಳು.

ನೆಲದ ಮೇಲೆ ಹಳೇ ಬೆಡ್‌ಶೀಟ್ ಹಾಸಿ ಶೆಲ್ಫನ್ನು ಮುಖ ಕೆಳಗೆ ಮಾಡಿ ಮಲಗಿಸಿ. ಇಬ್ಬರು ಬೇಕು. ಸಡಿಲವಾದ ಮೊಳೆಗಳನ್ನೆಲ್ಲ ತೆಗೆಯಿರಿ, ಹಳೇ ತೂತಿಗೇ ಮತ್ತೆ ಹೊಡೆಯುವ ಆಸೆ ಬಿಡಿ.

ಈಗ ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳೆಯಿರಿ. ಎಡ ಮೇಲಿನಿಂದ ಬಲ ಕೆಳಗೆ ಒಂದು ಅಳತೆ, ಬಲ ಮೇಲಿನಿಂದ ಎಡ ಕೆಳಗೆ ಇನ್ನೊಂದು. ಮನೆ ಪಾಯ ಗುರುತು ಹಾಕುವಾಗ ಮೇಸ್ತ್ರಿ ಮಾಡುವುದೂ ಇದನ್ನೇ. ಎರಡೂ ಒಂದೇ ಬಂದರೆ ಮೂಲೆಗಳು ನೇರ ಇವೆ. 180 ಸೆಂಟಿಮೀಟರ್ ಎತ್ತರ, 80 ಅಗಲದ ಶೆಲ್ಫಿಗೆ ಎರಡೂ ಕಡೆ ಸುಮಾರು 197 ಬರಬೇಕು. ಒಂದು ಸೆಂಟಿಮೀಟರ್ ವ್ಯತ್ಯಾಸ ತಾನೇ ಅಂತ ಬಿಡಬೇಡಿ. ಅಷ್ಟು ವ್ಯತ್ಯಾಸವಿದ್ದರೆ ಮೇಲ್ಭಾಗ ಒಂದೂಕಾಲು ಸೆಂಟಿಮೀಟರಿನಷ್ಟು ಪಕ್ಕಕ್ಕೆ ಸರಿದಿದೆ ಅಂತ ಲೆಕ್ಕ. ನಾನು 2 ಮಿಲಿಮೀಟರಿಗಿಂತ ಜಾಸ್ತಿ ಒಪ್ಪುವುದಿಲ್ಲ.

ಯಾವ ಅಳತೆ ಉದ್ದ ಬಂತೋ ಆ ಎರಡು ಮೂಲೆಗಳನ್ನು ಒಂದಕ್ಕೊಂದು ಎದುರಾಗಿ ಒಳಗೆ ಒತ್ತಬೇಕು. ಒಬ್ಬರು ಒಂದು ಮೂಲೆಯನ್ನು ಗೋಡೆಗೆ ಆನಿಸಿ ಹಿಡಿಯಲಿ, ಇನ್ನೊಬ್ಬರು ಎದುರು ಮೂಲೆಯನ್ನು ಮಂಡಿಯಿಂದ ಒತ್ತಲಿ. ಒತ್ತಿ, ಅಳೆದು, ಮತ್ತೆ ಒತ್ತಿ. ಬಿಟ್ಟ ಕೂಡಲೇ ವಾಪಸ್ ಹೋಗುತ್ತಿದ್ದರೆ ಆ ಎರಡು ಮೂಲೆಗಳಿಗೆ ಸುತ್ತ ಹಗ್ಗ ಬಿಗಿದು, ನಡುವೆ ಒಂದು ಕೋಲು ತೂರಿಸಿ ತಿರುಚುತ್ತ ಹೋಗಿ. ಹಗ್ಗ ಬಿಗಿಯಾದಂತೆ ಅಳತೆ ಮಿಲಿಮೀಟರ್ ಲೆಕ್ಕದಲ್ಲಿ ಸರಿಹೋಗುತ್ತದೆ. ಎರಡೂ ಒಂದೇ ಆದಾಗ ಕೋಲನ್ನು ಹಾಗೇ ಹಿಡಿದಿರಿ.

ಆ ಸ್ಥಿತಿಯಲ್ಲೇ ಮೊದಲು ನಾಲ್ಕು ಮೂಲೆಗೆ ಒಂದೊಂದು ಸ್ಕ್ರೂ ಹಾಕಿ, ಮತ್ತೆ ಅಳೆದು, ಆಮೇಲೆ ಅಂಚುದ್ದಕ್ಕೂ 10 ಸೆಂಟಿಮೀಟರಿಗೊಂದರಂತೆ ಹಾಕುತ್ತ ಬನ್ನಿ. ಮೊಳೆ ಬೇಡ, ಸ್ಕ್ರೂ ಹಾಕಿ ಅನ್ನುವುದು ನನ್ನ ಮಾತು. 16 ಮಿಲಿಮೀಟರಿನ ಸಣ್ಣ ಸ್ಕ್ರೂ, ಅದರ ತಲೆಗೊಂದು ವಾಷರ್. 2 ಮಿಲಿಮೀಟರಿನ ಬಿಟ್‌ನಲ್ಲಿ ಮೊದಲು ತೂತು ಮಾಡಿಕೊಳ್ಳಿ. ಪಕ್ಕದ ಹಲಗೆಯ ದಪ್ಪ ಇರುವುದೇ 15ರಿಂದ 18 ಮಿಲಿಮೀಟರ್, ಸ್ಕ್ರೂ ಅದರ ನಟ್ಟನಡುವೆ ನೇರ ಇಳಿಯಬೇಕು. ಸ್ವಲ್ಪ ಓರೆಯಾದರೂ ಹೊರಮೈಯ ಬಣ್ಣದ ಪದರ ಉಬ್ಬಿ ಒಡೆಯುತ್ತದೆ. ನಡುವೆ ಗಟ್ಟಿ ಕೂರಿಸಿದ ಹಲಗೆಯಿದ್ದರೆ ಅದಕ್ಕೂ ಮೂರ್ನಾಲ್ಕು ಸ್ಕ್ರೂ ಬೀಳಲಿ.

ಶೀಟು ನೀರು ಕುಡಿದು ಉಬ್ಬಿದ್ದರೆ ಅದನ್ನು ಉಳಿಸುವ ಪ್ರಯತ್ನ ಬಿಡಿ. ಪ್ಲೈವುಡ್ ಅಂಗಡಿಗೆ ಅಳತೆ ಕೊಟ್ಟು 4 ಮಿಲಿಮೀಟರ್ ಪ್ಲೈ ಕತ್ತರಿಸಿ ತನ್ನಿ. ಕಂಪನಿಯ ಶೀಟಿಗಿಂತ ಇದೇ ವಾಸಿ.

ಮಟ್ಟ

ಈಗ ಶೆಲ್ಫನ್ನು ಜಾಗಕ್ಕೆ ತನ್ನಿ. ಎತ್ತಿ ತನ್ನಿ, ಎಳೆಯಬೇಡಿ.

ನೆಲ ಮಟ್ಟವಾಗಿರುತ್ತದೆ ಅಂತ ನಂಬಬೇಡಿ. ಬಾಲ್ಕನಿ, ಯುಟಿಲಿಟಿಯ ನೆಲವನ್ನು ನೀರು ಹರಿಯಲಿ ಅಂತ ಇಳಿಜಾರಾಗಿಯೇ ಮಾಡಿರುತ್ತಾರೆ. ಹಾಲ್‌ನ ಟೈಲ್ಸೂ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆ ಇರುವುದು ಮಾಮೂಲು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ರಸಮಟ್ಟವೊಂದು ತನ್ನಿ, ಅಂದರೆ ಸ್ಪಿರಿಟ್ ಲೆವೆಲ್, ಅದರೊಳಗಿನ ಗುಳ್ಳೆ ನಟ್ಟನಡುವೆ ನಿಂತರೆ ಮಟ್ಟ ಸರಿ. ತಂದ ಮೇಲೆ ಪರೀಕ್ಷೆ ಮಾಡಿ: ಒಂದು ಕಡೆ ಇಟ್ಟು ಗುಳ್ಳೆ ಎಲ್ಲಿದೆ ನೋಡಿ, ಅದೇ ಜಾಗದಲ್ಲಿ ಹಿಂದುಮುಂದು ತಿರುಗಿಸಿ ಇಡಿ. ಗುಳ್ಳೆ ಕೋಣೆಯ ಅದೇ ಬದಿಗೆ, ಅಷ್ಟೇ ಸರಿದಿದ್ದರೆ ರಸಮಟ್ಟ ಸರಿಯಿದೆ. ಬೇರೆ ಬದಿಗೆ ಹಾರಿದರೆ ವಾಪಸ್ ಕೊಡಿ. ಫೋನಿನ ಆ್ಯಪ್ ಬಳಸುವುದಾದರೆ ಫೋನನ್ನು ಅಂಚಿನ ಮೇಲೆ ನಿಲ್ಲಿಸಿ, ಮಲಗಿಸಿದರೆ ಹಿಂದಿನ ಕ್ಯಾಮೆರಾ ಉಬ್ಬು ಲೆಕ್ಕ ಕೆಡಿಸುತ್ತದೆ.

ಕೆಳಗಿನ ಹಲಗೆಯ ಮೇಲೆ ಅಡ್ಡಕ್ಕೆ ಒಮ್ಮೆ, ಪಕ್ಕದ ಹಲಗೆಗೆ ಆನಿಸಿ ನೆಟ್ಟಗೆ ಒಮ್ಮೆ ನೋಡಿ. ಎಲ್ಲಿ ತಗ್ಗಿದೆಯೋ ಅಲ್ಲಿ ಒತ್ತು ಕೊಡಿ. ಒತ್ತಿಗೆ ನನ್ನ ಮಟ್ಟಿಗೆ ಸನ್‌ಮೈಕಾ ಚೂರನ್ನು ಮೀರಿಸಿದ್ದಿಲ್ಲ. ಸುಮಾರು ಒಂದು ಮಿಲಿಮೀಟರ್ ದಪ್ಪ, ನೀರಿಗೆ ಹೆದರುವುದಿಲ್ಲ, ಭಾರಕ್ಕೆ ಕುಗ್ಗುವುದಿಲ್ಲ, ಬಡಗಿ ಕೆಲಸ ನಡೆಯುವ ಕಡೆ ಕೇಳಿದರೆ ಪುಕ್ಕಟೆ ಕೊಡುತ್ತಾರೆ. ಒಂದರ ಮೇಲೊಂದು ಇಡುತ್ತ ಹೋಗಿ. ರಟ್ಟು, ಕಾರ್ಡು, ಮಡಚಿದ ಪೇಪರ್ ನೆಲ ಒರೆಸುವ ನೀರು ಕುಡಿದು ಚಪ್ಪಟೆಯಾಗುತ್ತವೆ. ಮೆತ್ತನೆ ರಬ್ಬರ್ ಚೂರಿನ ಮೇಲೆ ನಿಲ್ಲಿಸಿದರೆ ಶೆಲ್ಫ್ ಮತ್ತೆ ತೂಗಾಡುತ್ತದೆ.

ಒತ್ತು ಪಕ್ಕದ ಹಲಗೆಯ ನೇರ ಕೆಳಗೇ ಇರಬೇಕು, ಕೆಳಗಿನ ಹಲಗೆಯ ನಡುಭಾಗದ ಅಡಿಗಲ್ಲ, ಯಾಕೆಂದರೆ ಭಾರವೆಲ್ಲ ಇಳಿಯುವುದು ಪಕ್ಕದ ಹಲಗೆಗಳ ಮೂಲಕ. ನೆಲ ಸಮ ಇದ್ದರೂ ನಾಲ್ಕೂ ಮೂಲೆಗೆ ಎರಡೆರಡು ಚೂರು ಇಡಿ. ಹಲಗೆಯ ಬುಡ ನೆಲದಿಂದ ಅಷ್ಟು ಮೇಲಿದ್ದರೆ ಒರೆಸುವ ನೀರು ತಾಗುವುದು ಕಡಿಮೆಯಾಗುತ್ತದೆ, ಪಾರ್ಟಿಕಲ್ ಬೋರ್ಡ್ ಸಾಯುವುದೇ ಬುಡದಿಂದ.

ಹಿಂದಕ್ಕೆ ಒಂದೆರಡು ಮಿಲಿಮೀಟರ್ ವಾಲಿದರೆ ಪರವಾಗಿಲ್ಲ. ಮುಂದಕ್ಕೆ ಒಂದು ಕೂದಲೆಳೆಯಷ್ಟೂ ವಾಲಬಾರದು.

ಗೋಡೆಗೆ ಕಟ್ಟಿ

ಇದನ್ನು ಬಿಡುವವರು ಜಾಸ್ತಿ. ಬಾಡಿಗೆ ಮನೆ, ಓನರ್ ತೂತು ಹೊಡೆಯಬೇಡಿ ಅಂದಿದ್ದಾರೆ ಅನ್ನುವುದು ಕಾರಣ. ಮಗು ಇರುವ ಮನೆಯಲ್ಲಿ ಈ ಕಾರಣ ನಾನು ಒಪ್ಪುವುದಿಲ್ಲ. 2016ರ ಜೂನ್‌ನಲ್ಲಿ ಅಮೆರಿಕದಲ್ಲಿ ಐಕಿಯಾ ಸುಮಾರು 2.9 ಕೋಟಿ ಡ್ರಾಯರ್ ಕಪಾಟುಗಳನ್ನು ವಾಪಸ್ ಕರೆಯಬೇಕಾಯಿತು. ಗೋಡೆಗೆ ಬಿಗಿಯದ ಕಪಾಟುಗಳು ಮುಂದಕ್ಕೆ ಮಗುಚಿ ಪುಟ್ಟ ಮಕ್ಕಳು ಸತ್ತಿದ್ದರು. ಓನರ್ ಹತ್ತಿರ ಹೋಗಿ ಇದನ್ನೇ ಹೇಳಿ, ಬಿಡುವಾಗ ಎರಡು ತೂತಿಗೆ ಪುಟ್ಟಿ ಹಾಕಿ ಬಣ್ಣ ಬಳಿದು ಕೊಡುತ್ತೇನೆ ಅನ್ನಿ. ಹೆಚ್ಚಿನವರು ಒಪ್ಪುತ್ತಾರೆ. ಅಂಟುವ ಟೇಪಿನಲ್ಲಿ ಹಿಡಿಸುವ ಬೆಲ್ಟುಗಳು ಆನ್‌ಲೈನಿನಲ್ಲಿ ಬೇಕಾದಷ್ಟಿವೆ, ಅವನ್ನು ತರಬೇಡಿ. ಶೆಲ್ಫ್ ಮುಗುಚಿದರೆ ಗೋಡೆಯ ಪೇಂಟ್ ಸಮೇತ ಕಿತ್ತು ಬರುತ್ತವೆ.

ನಮ್ಮ ಮನೆಗಳಲ್ಲಿ ಗೋಡೆಯ ಬುಡದಲ್ಲಿ ಸ್ಕರ್ಟಿಂಗ್ ಟೈಲ್ಸ್ ಹೊರಗೆ ಚಾಚಿರುತ್ತದೆ. ಹಾಗಾಗಿ ಶೆಲ್ಫಿನ ಮೇಲ್ಭಾಗ ಗೋಡೆಗೆ ತಾಗುವುದಿಲ್ಲ. ಎಲ್ ಕ್ಲಾಂಪ್, ಅಂದರೆ ಎಲ್ ಆಕಾರದ ಲೋಹದ ಪಟ್ಟಿ, ಹಾಕಿ ಸ್ಕ್ರೂ ಬಿಗಿದರೆ ಮೇಲ್ಭಾಗ ಹಿಂದಕ್ಕೆ ಎಳೆದು, ಈಗಷ್ಟೇ ಸರಿ ಮಾಡಿದ ಮಟ್ಟ ಹಾಳಾಗುತ್ತದೆ. ಸಂದಿಯಷ್ಟೇ ದಪ್ಪದ ಮರದ ಪಟ್ಟಿಯನ್ನು ಮೇಲ್ಗಡೆ ಶೆಲ್ಫಿಗೂ ಗೋಡೆಗೂ ನಡುವೆ ಇಟ್ಟು ಆಮೇಲೆ ಬಿಗಿಯಿರಿ.

ಸ್ವಿಚ್ ಬೋರ್ಡಿನ ನೇರ ಮೇಲೆ ಕೆಳಗೆ ತೂತು ಹೊಡೆಯಬೇಡಿ, ಒಳಗೆ ವೈರಿನ ಪೈಪ್ ಹೋಗಿರುತ್ತದೆ. ಬಾತ್‌ರೂಮಿಗೆ ಹೊಂದಿದ ಗೋಡೆಯಾದರೆ ನೀರಿನ ಪೈಪ್ ಎಲ್ಲಿದೆ ಅಂತ ಕೇಳಿಕೊಳ್ಳಿ. 8 ಮಿಲಿಮೀಟರ್ ಬಿಟ್, ಅದೇ ಸೈಜಿನ ಪ್ಲಗ್ (ಸ್ಕ್ರೂ ಹಿಡಿಯಲು ಗೋಡೆಯ ತೂತಿಗೆ ಹಾಕುವ ಪ್ಲಾಸ್ಟಿಕ್ ಕೊಳವೆ), ತೂತಿನ ಆಳ 5ರಿಂದ 6 ಸೆಂಟಿಮೀಟರ್. ಮೇಲಿನ ಗಾರೆ ದಾಟಿ ಪ್ಲಗ್ ಇಟ್ಟಿಗೆ ಅಥವಾ ಬ್ಲಾಕಿನೊಳಗೆ ಕೂರಬೇಕು. ಬಿಟ್ಟಿಗೆ ಆ ಅಳತೆಯಲ್ಲಿ ಟೇಪ್ ಸುತ್ತಿಕೊಂಡರೆ ಆಳ ತಪ್ಪುವುದಿಲ್ಲ. ತೂತಿನ ಪುಡಿ ಊದಿ ತೆಗೆದು ಪ್ಲಗ್ ಹಾಕಿ. ಕ್ಲಾಂಪಿನ ಇನ್ನೊಂದು ಕಾಲನ್ನು ಬೆನ್ನಿನ ಶೀಟಿಗಲ್ಲ, ಮೇಲಿನ ದಪ್ಪ ಹಲಗೆಗೆ ಬಿಗಿಯಿರಿ.

ತುಂಬಿಸಿ

ಭಾರದ ಪುಸ್ತಕ ಕೆಳಗೆ, ಹಗುರದ್ದು ಮೇಲೆ. ಬಾಗಿಲಿರುವ ಶೆಲ್ಫಾದರೆ ತುಂಬಿಸಿದ ಮೇಲೆಯೇ ಹಿಂಜ್ ಸ್ಕ್ರೂ ತಿರುಗಿಸಿ ಬಾಗಿಲ ಸಂದಿ ಸಮ ಮಾಡಿ, ಮೊದಲೇ ಮಾಡಿದರೆ ಭಾರ ಬಿದ್ದಾಗ ಮತ್ತೆ ತಪ್ಪುತ್ತದೆ.

ಒಂದು ವಾರ ಬಿಟ್ಟು ಕೆಳಗಿನ ಹಲಗೆಯ ಮೇಲೆ ರಸಮಟ್ಟ ಇಟ್ಟು ನೋಡಿ. ಗುಳ್ಳೆ ಸರಿದಿದ್ದರೆ ಇನ್ನೊಂದು ಸನ್‌ಮೈಕಾ ಚೂರು ಸೇರಿಸಬೇಕು. ಆಗ ಆ ಬದಿಯ ಪುಸ್ತಕ ಇಳಿಸಿ, ಎಲ್ ಕ್ಲಾಂಪಿನ ಸ್ಕ್ರೂವನ್ನು ಎರಡು ಸುತ್ತು ಸಡಿಲಿಸಿ, ಚೂರು ತೂರಿಸಿದ ಮೇಲೆ ಮತ್ತೆ ಬಿಗಿಯಿರಿ.