ಅಮೆರಿಕದ ಮಿನಿಯಾಪೊಲಿಸ್‌ಗೆ ಮಾರ್ಚ್‌ನಲ್ಲಿ ಅಪ್ಪ ಅಮ್ಮ ಬರ್ತಿದ್ದಾರಾ?

ಯುಗಾದಿ ಬಂತು, ಇನ್ನೇನು ಬೇಸಿಗೆ ಅಂತ ಅವರಿಗೆ ಹೇಳಬೇಡಿ. ಇಲ್ಲಿ ಏಪ್ರಿಲ್‌ನಲ್ಲೂ ಹಿಮ ಬೀಳುತ್ತದೆ.

ಎಲ್ಲಕ್ಕಿಂತ ಮುಖ್ಯ, ಬೆಳಗಿನ ನೆಲ. ಮಧ್ಯಾಹ್ನದ ಬಿಸಿಲಿಗೆ ಹಿಮದ ರಾಶಿ ಕರಗಿ ನೀರು ಕಾಲುದಾರಿಗೆ ಹರಿಯುತ್ತದೆ. ರಾತ್ರಿ ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೆ ಅದೇ ನೀರು ಹೆಪ್ಪುಗಟ್ಟುತ್ತದೆ. ನೋಡಿದರೆ ಸುಮ್ನೆ ಒದ್ದೆ ಡಾಂಬರು, ಅಷ್ಟೆ. ಸಂಜೆಯೇ ಉಪ್ಪು ಎರಚಿ. ಕಾಲುದಾರಿಯ 10 ಚಪ್ಪಡಿಗೆ ಒಂದು ಕಾಫಿ ಮಗ್ ಸಾಕು, ಜಾಸ್ತಿಯಾದದ್ದೆಲ್ಲ ಕೆರೆಗೇ ಹೋಗೋದು. ಮೈನಸ್ 9 ಡಿಗ್ರಿಗಿಂತ ಚಳಿಯಿದ್ದರೆ ಮಾಮೂಲಿ ಉಪ್ಪು ಅಷ್ಟಾಗಿ ಕೆಲಸ ಮಾಡಲ್ಲ, ಮರಳು ಹಾಕಿ. ನಡೆಯುವಾಗ ಪುಟ್ಟ ಹೆಜ್ಜೆ, ಕೈ ಜೇಬಿನಿಂದ ಹೊರಗೆ. ಅಪ್ಪ ಹವಾಯಿ ಚಪ್ಪಲಿ ಮೆಟ್ಟಿಕೊಂಡು ‘ಇಲ್ಲೇ ಕಸ ಹಾಕಿ ಬರ್ತೀನಿ’ ಅಂದರೆ ಬಿಡಲೇಬೇಡಿ!

ದಪ್ಪ ಕೋಟು ಒಂದರ ಬದಲು ಎರಡು ಮೂರು ತೆಳು ಬಟ್ಟೆ, ಮೇಲೆ ನೀರು ಇಳಿಯದ ಜಾಕೆಟ್ ವಾಸಿ. ಮಧ್ಯಾಹ್ನ ಒಂದೊಂದಾಗಿ ಕಳಚಬಹುದು. ಬೂಟು ವಾಟರ್‌ಪ್ರೂಫ್ ಇರಲಿ, ಕರಗುವ ಹಿಮ ಕಾಲುಚೀಲಕ್ಕೆ ಇಳಿಯುತ್ತದೆ.

ಸೂರಿನ ನೀರಿನ ಪೈಪಿನ ಬಾಯಿ ಗೋಡೆಯಿಂದ ದೂರ ಇದೆಯಾ ನೋಡಿ. ಇಲ್ಲದಿದ್ದರೆ ಬೇಸ್‌ಮೆಂಟ್‌ಗೆ ನೀರು ನುಗ್ಗಬಹುದು.

ಅಮ್ಮ ತಂದ ಬದನೆ ಬೀಜ ಮೊಳೆಸಿದ್ದೀರಾ? ಸಸಿ ಮೇ ಕೊನೆಯ ತನಕ ಕಿಟಕಿಯ ಒಳಗೇ ಇರಲಿ.