ಮೊಂಮಾರ್ತ್ ಗುಡ್ಡನ ಹಿಂದಿನಿಂದ ಹತ್ತಿ ನೋಡಿದ್ದು

ಮೊದಲನೇ ಸಲ ಪ್ಯಾರಿಸ್‌ಗೆ ಹೋದಾಗ ಮೊಂಮಾರ್ತ್ ನೋಡಿ ನಿಜವಾಗ್ಲೂ ಬೇಜಾರಾಗಿತ್ತು. ಮಧ್ಯಾಹ್ನದ ಹೊತ್ತು ಸಾಕ್ರೆ ಕರ್ ಚರ್ಚ್ ಮುಂದಿನ ಮೆಟ್ಟಿಲು ಹತ್ತಿದ್ದು, ಯಾರೋ ಮಾತಾಡಿಸ್ತಾ ಮಾತಾಡಿಸ್ತಾ ಕೈಗೆ ದಾರ ಕಟ್ಟಿ ದುಡ್ಡು ಕೇಳಿದ, ಮೇಲೆ ಹೋದ್ರೆ ಪ್ಲಾಸ್ ದು ತೆರ್ತ್ರ್ ಚೌಕದಲ್ಲಿ ಕಾಲಿಡೋಕೆ ಜಾಗ ಇಲ್ಲ.

ಎರಡನೇ ಸಲ ಪೂರ್ತಿ ಉಲ್ಟಾ ಮಾಡಿದೆ. ಮೆಟ್ರೋ 12ನೇ ಲೈನಲ್ಲಿ ಲಮಾರ್ಕ್ ಕೊಲಾಂಕೂರ್ ಸ್ಟೇಷನ್ ಇಳಿದು, ಬೆಳಿಗ್ಗೆ ಎಂಟಕ್ಕೇ ಗುಡ್ಡದ ಹಿಂಭಾಗದಿಂದ ಹತ್ತೋಕೆ ಶುರು. ಎತ್ತರ ಸಮುದ್ರಮಟ್ಟದಿಂದ ಸುಮಾರು 130 ಮೀಟರ್ ಅಷ್ಟೇ, ಆದ್ರೆ ರಸ್ತೆ ಕಡಿದು, ಕಲ್ಲುಹಾಸು, ಒಳ್ಳೆ ಶೂ ಇರ್ಲಿ. ದಾರೀಲಿ ಲಾಪಾನ್ ಅಜೀಲ್ ಅನ್ನೋ ಹಳೇ ಕ್ಯಾಬರೆ, ಅದರ ಎದುರಿಗೇ ದ್ರಾಕ್ಷಿ ತೋಟ. ಅಲ್ಲಿ ಕಟ್ಟಡ ಏಳಬಾರದು ಅಂತ 1933ರಲ್ಲಿ ನೆಟ್ಟಿದ್ದಂತೆ. ಮೊಂಮಾರ್ತ್ ಮೊದಲು ಬೇರೆ ಊರು, ಪ್ಯಾರಿಸ್‌ಗೆ ಸೇರಿದ್ದೇ 1860ರಲ್ಲಿ, ಆಮೇಲೂ ಬಾಡಿಗೆ ಕಡಿಮೆ ಇತ್ತು, ಕೈಲಿ ಕಾಸಿಲ್ಲದ ಕಲಾವಿದರು ಇಲ್ಲಿಗೇ ಬಂದಿದ್ದು ಅದಕ್ಕೇ.

ಚೌಕಕ್ಕೆ ಬೆಳಿಗ್ಗೆನೇ ಹೋಗಿ. ಅಲ್ಲಿ ಕೂತು ಚಿತ್ರ ಬರೆಯೋರಿಗೆ ನಗರಸಭೆ ಪರ್ಮಿಟ್ ಇರುತ್ತೆ, ಒಂದು ಚದರ ಮೀಟರ್ ಜಾಗನ ಇಬ್ರು ಹಂಚಿಕೊಂಡು ಸರದಿ ಮೇಲೆ ಕೂರ್ತಾರೆ. ಪ್ಯಾಡ್ ಹಿಡ್ಕೊಂಡು ಹಿಂದೆ ಬೀಳೋರು ಬೇರೆ, ಅವರಿಗೆ ಬೇಡ ಅಂತ ಹೇಳಿ ನಡೀತಾ ಇರಿ. ನಾನು ಮೊದಲೇ ರೇಟು ಮಾತಾಡ್ಕೊಂಡು ಕೂತು ಒಂದು ಚಾರ್ಕೋಲ್ ಚಿತ್ರ ಬರೆಸಿಕೊಂಡೆ, ಇವತ್ತಿಗೂ ಮನೇಲಿದೆ.

ಆದ್ರೆ ನನ್ನ ಮನಸ್ಸು ಹಿಡಿದಿಟ್ಟಿದ್ದು ರ್ಯೂ ಕೊರ್ತೋ ಬೀದಿಯ 12ನೇ ನಂಬರ್ ಮನೆ, ಈಗ ಮೊಂಮಾರ್ತ್ ಮ್ಯೂಸಿಯಂ, ಹತ್ತು ಗಂಟೆಗೆ ತೆಗೀತಾರೆ. 1876ರಲ್ಲಿ ಚಿತ್ರಕಾರ ರೆನ್ವಾರ್ ಇಲ್ಲಿ ಬಾಡಿಗೆಗಿದ್ದು ಚಿತ್ರ ಬರೆದಿದ್ರು. ಮುಂದೆ ಅದೇ ರೆನ್ವಾರ್‌ಗೆ ಮಾಡೆಲ್ ಆಗಿ ನಿಂತ ಹುಡುಗಿ ಸುಝಾನ್ ವಲಡೋನ್, ಬಡವರ ಮನೆ ಮಗಳು, ಯಾವ ಕಲಾಶಾಲೆಗೂ ಹೋದವಳಲ್ಲ, ದೊಡ್ಡ ದೊಡ್ಡ ಚಿತ್ರಕಾರರು ಹೇಗೆ ಬರೀತಾರೆ ಅಂತ ನೋಡಿ ನೋಡಿನೇ ಕಲಿತು ತಾನೇ ಚಿತ್ರಕಾರಳಾದಳು, ಅವಳ ಡ್ರಾಯಿಂಗ್‌ಗಳನ್ನ ಹೆಸರಾಂತ ಚಿತ್ರಕಾರ ದೆಗಾ ದುಡ್ಡು ಕೊಟ್ಟು ತಗೊಂಡ್ರು. ಇದೇ ಮನೇಲಿ ಅವಳು ಮಗ ಯುಟ್ರಿಲೋ ಜೊತೆ ವರ್ಷಗಟ್ಟಲೆ ಇದ್ದಳು. ಅವಳ ಸ್ಟುಡಿಯೋನ ಮತ್ತೆ ಮೊದಲಿನ ಹಾಗೇ ಜೋಡಿಸಿದಾರೆ, ದೊಡ್ಡ ಗಾಜಿನ ಕಿಟಕಿ, ಕೆಳಗೆ ತೋಟ. ಅಲ್ಲಿ ಒಂದು ಗಂಟೆ ಸುಮ್ನೆ ನಿಂತಿದ್ದೆ, ಇಷ್ಟು ದಿನ ಇವಳ ಹೆಸರು ನನಗ್ಯಾಕೆ ಗೊತ್ತಿರ್ಲಿಲ್ಲ ಅಂತ ಹೊಟ್ಟೆ ಉರೀತು.

ಇಳಿಯೋವಾಗ ಬಾತೋ ಲವ್ವಾರ್ ಸಿಗುತ್ತೆ, ಕಲಾವಿದರು ಬಾಡಿಗೆಗಿದ್ದ ಸ್ಟುಡಿಯೋ ಕಟ್ಟಡ. ಪಿಕಾಸೋ 1904ರಿಂದ 1909ರವರೆಗೆ ಇದ್ದಿದ್ದು, ದೆಮ್ವಾಝೆಲ್ ದಾವಿನ್ಯೋನ್ ಅನ್ನೋ ಹೆಸರಾಂತ ಚಿತ್ರ ಬರೆದಿದ್ದು ಇಲ್ಲೇ. ಮೂಲ ಕಟ್ಟಡ 1970ರಲ್ಲಿ ಬೆಂಕಿಗೆ ಹೋಯ್ತು, ಈಗಿರೋದು ಹೊಸದು, ಒಳಗೆ ಬಿಡಲ್ಲ, ಕಿಟಕೀಲಿ ಹಳೇ ಫೋಟೋ ನೋಡಬಹುದು ಅಷ್ಟೇ. ಐದು ನಿಮಿಷ ಸಾಕು.

ಅಲ್ಲಿಂದ ಕೆಳಗೆ ಆಬೆಸ್ ಮೆಟ್ರೋ ಸ್ಟೇಷನ್. ವಾಸ್ತುಶಿಲ್ಪಿ ಗಿಮಾರ್ ವಿನ್ಯಾಸದ ಗಾಜಿನ ಚಪ್ಪರ ನೋಡಿ ಆಮೇಲೆ ಒಳಗೆ ಹೋಗಿ. ಪ್ಲಾಟ್‌ಫಾರ್ಮ್ 36 ಮೀಟರ್ ಆಳದಲ್ಲಿದೆ, ಸುರುಳಿ ಮೆಟ್ಟಿಲ ಗೋಡೆ ತುಂಬ ಚಿತ್ರಗಳಿವೆ, ಇಳಿಯೋಕೆ ಪರವಾಗಿಲ್ಲ, ಹತ್ತೋದಾದ್ರೆ ಲಿಫ್ಟೇ ಹಿಡೀರಿ.